ಬಾಟಲಿ ಸಾಹೇಬರದು, ಕೇಸು ಮಾಣಿಯದು

ಬೋಡಕ್‌ದೇವದ ಹೋಟೆಲುಗಳಲ್ಲಿ ದುಡಿಯುವ ನಮ್ಮವರಿಗೆ ರಾತ್ರಿ ಹತ್ತರ ಮೇಲಿನ ಒಂದು ಕರೆ ಚೆನ್ನಾಗಿ ಗೊತ್ತು. ಬೆಂಗಳೂರಿನಿಂದ ಬಂದ ಗಿರಾಕಿಯು ಕೋಣೆಯ ಬಾಗಿಲನ್ನು ಅರ್ಧ ತೆರೆದು, "ಏನ್ ತಮ್ಮಾ, ನಮ್ಮ ಕಡೆಯವನೇ? ಎರಡು ಬಡ್‌ವೈಸರ್ ತಂದುಕೊಡ್ತೀಯಾ?" ಎನ್ನುತ್ತಾನೆ. ಕೈಯಲ್ಲಿ ಐನೂರರ ನೋಟು. ಊರಿಗೆ ಹಣ ಕಳಿಸಬೇಕಾದ ಹುಡುಗನಿಗೆ ನೋಟು ಕಾಣುತ್ತದೆಯೇ ಹೊರತು ಕಾಯಿದೆ ಕಾಣುವುದಿಲ್ಲ.

ಬಂಧುಗಳೇ, ಆ ಕಾಯಿದೆಯನ್ನು ನಾವು ತಿಳಿದಿರಬೇಕು. ಮುಂಬಯಿ ಪ್ರಾಂತದ 1949ರ ಪಾನನಿರೋಧ ಕಾಯಿದೆಯೇ 1960ರಲ್ಲಿ ಗುಜರಾತ್ ಬೇರೆಯಾದ ಮೇಲೂ ಇಲ್ಲಿ ಮುಂದುವರಿದಿದೆ. ಹೊರರಾಜ್ಯದವನು ಪರ್ಮಿಟ್ ಮಾಡಿಸಿ, ಪರವಾನಗಿಯ ಅಂಗಡಿಯಲ್ಲಿ ಕೊಳ್ಳಬಹುದು. ಆದರೆ ಪರ್ಮಿಟ್ ಅವನ ಹೆಸರಿನದು, ಹೊತ್ತು ತರುವ ಮಾಣಿಯದಲ್ಲ. 2017ರ ತಿದ್ದುಪಡಿಯ ಪ್ರಕಾರ ಮದ್ಯ ಮಾರುವವನಿಗೂ ಸಾಗಿಸುವವನಿಗೂ 10 ವರ್ಷಗಳವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ.

ನಮ್ಮ ಸದಸ್ಯನೊಬ್ಬ ಹೀಗೆಯೇ ಸಿಕ್ಕಿಬಿದ್ದ. ತರಲು ಹೇಳಿದ ಗಿರಾಕಿ ಬೆಳಗಿನ ವಿಮಾನಕ್ಕೆ ಹೊರಟುಹೋದ. ಮ್ಯಾನೇಜರು "ನಾವು ಕಳಿಸಿಲ್ಲ" ಎಂದುಬಿಟ್ಟರು. ಜಾಮೀನಿಗೆ ಓಡಾಡಿದವರು ನಾವು. ಹುಡುಗನ ಎರಡು ತಿಂಗಳ ಸಂಬಳ ವಕೀಲರಿಗೆ ಹೋಯಿತು.

ಇನ್ನು ಆ ಬಾಟಲಿಯ ಒಡೆಯರ ಚಾತುರ್ಯ ನೋಡಿ. ಬಾರ್ಲಿಯ ಜೊತೆಗೆ ಅಕ್ಕಿ ಹಾಕಿ ಮಾಡುವ ತೆಳು ಬಣ್ಣದ, ಕಹಿ ಕಡಿಮೆಯ ಈ ಲಾಗರ್ ಬಿಯರು ಅಮೆರಿಕದ ಸೇಂಟ್ ಲೂಯಿಸ್ ನಗರದ್ದು. 1920ರಿಂದ 1933ರವರೆಗೆ ಅಮೆರಿಕದಲ್ಲಿಯೇ ಪಾನನಿರೋಧ ಜಾರಿಯಲ್ಲಿತ್ತು. ಆಗ ಆನ್‌ಹೈಸರ್-ಬುಷ್ ಕಂಪನಿಯವರು ಬೆವೊ ಎಂಬ ಅಮಲಿಲ್ಲದ ಪಾನೀಯ, ಯೀಸ್ಟ್, ಐಸ್‌ಕ್ರೀಮ್ ಮಾರಿ ಬದುಕಿಕೊಂಡರು. ಎಷ್ಟೋ ಸಣ್ಣ ಕಾರ್ಖಾನೆಗಳು ಮುಚ್ಚಿ, ಕೆಲಸಗಾರರು ಬೀದಿಗೆ ಬಿದ್ದರು. 2008ರಲ್ಲಿ ಆ ಕಂಪನಿಯನ್ನು ಬೆಲ್ಜಿಯಂನ ಇನ್‌ಬೆವ್ ಕೊಂಡಿತು. ನಮ್ಮ ಮೈಸೂರಿನಲ್ಲಿಯೂ ಈಗ ಅವರ ಕಾರ್ಖಾನೆಯಿದೆ. ಇಲ್ಲಿಯೂ ಅದೇ ಜಾಣತನ: ಒಂದೇ ಹೆಸರಿನಲ್ಲಿ ಬಡ್‌ವೈಸರ್, ಅದಕ್ಕಿಂತ ಕಡಕ್ಕಾದ ಮ್ಯಾಗ್ನಮ್, 2019ರಿಂದ ಅಮಲಿಲ್ಲದ 'ಸೊನ್ನೆ ಸೊನ್ನೆ'. ಕಾಯಿದೆಯ ಈಚೆಗೂ ಆಚೆಗೂ ಅವರಿಗೊಂದು ಬಾಟಲಿ ಇದೆ. ರಾತ್ರಿ ನಾಕಾದಲ್ಲಿ ಚೀಲ ಬಿಚ್ಚಿಸುವ ಪೊಲೀಸನಿಗೆ ಮೊದಲು ಕಾಣುವುದು ಆ ದೊಡ್ಡ ಹೆಸರೇ. ಅಮಲಿಲ್ಲದ್ದನ್ನೇ ತಂದರೂ ಅದನ್ನು ನಂಬಿಸುವ ಕಷ್ಟ ನಮ್ಮದು.

ನಾವು ಪಾನನಿರೋಧದ ವಿರೋಧಿಗಳಲ್ಲ. ಸಂಬಳದ ದಿನವೇ ಸಂಬಳ ಕುಡಿದು ಮುಗಿಸಿದವರನ್ನು ನಾವು ಬಲ್ಲೆವು. 2009ರಲ್ಲಿ ಇದೇ ಅಹಮದಾಬಾದಿನಲ್ಲಿ ಕಳ್ಳಬಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು, ಸತ್ತವರು ಬಡವರು. 2023ರ ಡಿಸೆಂಬರಿನಲ್ಲಿ ನಿಯಮ ಸಡಿಲವಾದದ್ದು ಗಿಫ್ಟ್ ಸಿಟಿಯ ಕಂಪನಿ ನೌಕರರಿಗೆ ಮತ್ತು ಅವರ ಅತಿಥಿಗಳಿಗೆ. ಅಲ್ಲಿ ಲೋಟ ತೊಳೆಯುವವರ ಮಾತು ಯಾರೂ ಎತ್ತಲಿಲ್ಲ.

ಆದ್ದರಿಂದ ಮಾಲೀಕರಲ್ಲಿ ನಮ್ಮ ಬೇಡಿಕೆ ಇಷ್ಟೇ. ಯಾವ ಕೆಲಸಗಾರನನ್ನೂ ಮದ್ಯ ತರಲು ಕಳಿಸುವುದಿಲ್ಲವೆಂದು ಲಿಖಿತ ಆಜ್ಞೆ ಹೊರಡಿಸಬೇಕು. ಪರ್ಮಿಟ್ ಪಡೆಯುವ ಕ್ರಮವನ್ನು ಪ್ರತಿ ಕೋಣೆಯಲ್ಲಿ ಬರೆದು ಹಾಕಬೇಕು. ತರುವುದಿಲ್ಲವೆಂದ ಹುಡುಗನ ಮೇಲೆ ಗಿರಾಕಿ ದೂರು ಕೊಟ್ಟರೆ ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಮೇಲಿನವರ ಮಾತಿನಂತೆ ಹೋಗಿ ಸಿಕ್ಕಿಬಿದ್ದವನ ವಕೀಲರ ಖರ್ಚು ಮಾಲೀಕರದು.

ಯಾವ ಹೋಟೆಲಿನಲ್ಲಿ ಇಂಥ ಆಜ್ಞೆ ಇದೆ, ಯಾವುದರಲ್ಲಿ ಇಲ್ಲ ಎಂಬುದನ್ನು ಸದಸ್ಯರು ಮುಂದಿನ ಸಭೆಯೊಳಗೆ ಕಾರ್ಯಕಾರಿ ಸಮಿತಿಗೆ ಬರೆದುಕೊಡಬೇಕು. ಬರೆದವರ ಹೆಸರು ಹೊರಗೆ ಹೋಗುವುದಿಲ್ಲ.