ಬೆಳೆ ಕೊಯ್ದ ಮೇಲೆ ಬೀಜದ ದುಡ್ಡು!

ಮೊನ್ನೆ ಸಾಗರದ ಕಡೆಯ ಒಬ್ಬ ಹೆಣ್ಣುಮಗಳು ನಮ್ಮ ಕಚೇರಿಗೆ ಬಂದಿದ್ದರು. ಕೈಯಲ್ಲಿ ಒಂದು ಫೈಲು, ಅದರಲ್ಲಿ ತಾವೇ ಬರೆದ ಸಿನಿಮಾ ಸ್ಕ್ರಿಪ್ಟು. ಬೆಂಗಳೂರಿನಲ್ಲಿ ಆರು ವರ್ಷ ಸಹಾಯಕ ನಿರ್ದೇಶಕಿಯಾಗಿ ದುಡಿದವರು. ನಿರ್ಮಾಪಕರ ಹತ್ತಿರ ಹೋದರೆ ಮೊದಲ ಪ್ರಶ್ನೆ, ಹೀರೋ ಯಾರು? ಎರಡನೆಯದು, ರಾತ್ರಿ ಶೂಟಿಂಗ್ ಇದ್ರೆ ಮನೇಲಿ ಬಿಡ್ತಾರೇನಮ್ಮ? ಬ್ಯಾಂಕಿಗೆ ಹೋದರೆ ಅಡಿಕೆ ತೋಟ ಯಾರ ಹೆಸರಲ್ಲಿದೆ ಅಂತ ಕೇಳಿದರಂತೆ. ತೋಟ ಅಣ್ಣನ ಹೆಸರಲ್ಲಿದೆ. ಅಲ್ಲಿಗೆ ಸಿನಿಮಾ ಮುಗಿಯಿತು!

"ಸರ್ಕಾರದ ಸಬ್ಸಿಡಿ ಇದೆಯಲ್ಲಮ್ಮ" ಅಂದೆವು. ಆಕೆ ನಕ್ಕರು. "ಸಾರ್, ಸಬ್ಸಿಡಿ ಸಿನಿಮಾ ಮಾಡಿದವರಿಗೆ. ನಾನಿನ್ನೂ ಮಾಡಬೇಕಾದವಳು" ಅಂದರು.

ಮಾತು ನಿಜ. ನಮ್ಮ ರಾಜ್ಯದ ಸಹಾಯಧನದ ಲೆಕ್ಕಾಚಾರವೇ ಹಾಗಿದೆ. ಸಿನಿಮಾ ಪೂರ್ತಿ ಆಗಬೇಕು, ಸೆನ್ಸಾರ್ ಆಗಬೇಕು, ಅರ್ಜಿ ಹಾಕಬೇಕು, ಸಮಿತಿಯವರು ನೋಡಬೇಕು, ಆಮೇಲೆ ದುಡ್ಡು. ಅಂದರೆ ಮೊದಲು ಸಾಲ ಹುಟ್ಟಿಸಬಲ್ಲವನಿಗೆ ಮಾತ್ರ ಸರ್ಕಾರದ ನೆರವು. ಬೆಳೆ ಕೊಯ್ದ ಮೇಲೆ ಬೀಜಕ್ಕೆ ದುಡ್ಡು ಕೊಟ್ಟಂತೆ. ಯಾವ ರೈತ ಒಪ್ಪುತ್ತಾನೆ ಹೇಳಿ?

ಕನ್ನಡದ ಹೆಣ್ಣುಮಕ್ಕಳಿಗೆ ಕಸುಬು ಗೊತ್ತಿಲ್ಲ ಅನ್ನುವ ಹಾಗಿಲ್ಲ. ಎಂ.ವಿ. ರಾಜಮ್ಮನವರು 1943ರಲ್ಲೇ 'ರಾಧಾ ರಮಣ' ನಿರ್ಮಿಸಿದರು. ನಮ್ಮ ತೀರ್ಥಹಳ್ಳಿಯ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿಯನ್ನು ಪ್ರೇಮಾ ಕಾರಂತರು ತೆರೆಗೆ ತಂದಿದ್ದು 1983ರಲ್ಲಿ. ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ನಮ್ಮ ಬಿ.ಆರ್. ಪಂತುಲು ಅವರ ಮಗಳು ಬಿ.ಆರ್. ವಿಜಯಲಕ್ಷ್ಮಿ 1985ರ ತಮಿಳು ಚಿತ್ರವೊಂದಕ್ಕೆ ಕ್ಯಾಮರಾ ಹಿಡಿದು ದೇಶಕ್ಕೇ ಮಾದರಿಯಾದರು. ಕವಿತಾ ಲಂಕೇಶ್ 1999ರಲ್ಲಿ 'ದೇವೀರಿ' ಮಾಡಿದರು. ಚಂಪಾ ಶೆಟ್ಟಿ ವೈದೇಹಿಯವರ ಕಥೆಗಳಿಂದ 'ಅಮ್ಮಚ್ಚಿಯೆಂಬ ನೆನಪು' ಮಾಡಿದ್ದು 2018ರಲ್ಲಿ. ರೂಪಾ ರಾವ್ ಅವರ 'ಗಂಟುಮೂಟೆ' ಬಂದಿದ್ದು 2019ರಲ್ಲಿ. ಹೆಸರುಗಳು ಒಳ್ಳೆಯವೇ. ಆದರೆ ಇಷ್ಟು ವರ್ಷಕ್ಕೆ ಬೆರಳಿನಲ್ಲಿ ಎಣಿಸುವ ಹಾಗೆ ಇರಬೇಕೆ?

ಪಕ್ಕದ ಕೇರಳ ನೋಡಿ. ಅಲ್ಲಿನ ಸರ್ಕಾರ 2019ರ ಬಜೆಟ್‌ನಲ್ಲಿ ಮಹಿಳಾ ನಿರ್ದೇಶಕಿಯರಿಗಾಗಿ 3 ಕೋಟಿ ತೆಗೆದಿಟ್ಟಿತು. ಸ್ಕ್ರಿಪ್ಟು ನೋಡಿ ಆರಿಸಿ, ಒಂದು ಚಿತ್ರಕ್ಕೆ ಒಂದೂವರೆ ಕೋಟಿವರೆಗೆ ಸರ್ಕಾರಿ ಚಿತ್ರ ನಿಗಮವೇ ಹಾಕುತ್ತದೆ. ಮುಂದೆ ಪರಿಶಿಷ್ಟ ಜಾತಿ, ಪಂಗಡದ ನಿರ್ದೇಶಕರಿಗೂ ಇದೇ ದಾರಿ ತೆರೆಯಿತು. ತಾರಾ ರಾಮಾನುಜನ್ ಅವರ 'ನಿಷಿದ್ಧೋ', ಐ.ಜಿ. ಮಿನಿ ಅವರ 'ಡಿವೋರ್ಸ್', ಶ್ರುತಿ ಶರಣ್ಯಂ ಅವರ 'ಬಿ 32 ಮುದಲ್ 44 ವರೆ' ಹುಟ್ಟಿದ್ದು ಹೀಗೆ. ಹೆಣ್ಣುಮಕ್ಕಳಿಗೆ ಮತ್ತು ತೃತೀಯ ಲಿಂಗಿಗಳಿಗೆ ಅಂತಲೇ ಅಲ್ಲಿನ ರಾಜ್ಯ ಪ್ರಶಸ್ತಿಯಲ್ಲಿ ಒಂದು ವಿಶೇಷ ವಿಭಾಗವೂ ಇದೆ. 2021ರ ಸಾಲಿನಲ್ಲಿ ಅದು ನಟಿ ನೇಘಾ ಅವರಿಗೆ ಸಂದಿತು.

ಹಾಗಂತ ಅಲ್ಲಿ ಎಲ್ಲವೂ ಹಾಲುಜೇನು ಅಂತಲ್ಲ. ಯೋಜನೆಯಲ್ಲಿ ಚಿತ್ರ ಮಾಡಿದ ಕೆಲವು ನಿರ್ದೇಶಕಿಯರೇ ನಿಗಮದ ನಡವಳಿಕೆ ಬಗ್ಗೆ ಬಹಿರಂಗವಾಗಿ ದೂರಿದ್ದಾರೆ. 2025ರ ಆಗಸ್ಟ್‌ನಲ್ಲಿ ಹಿರಿಯ ನಿರ್ದೇಶಕ ಅಡೂರ್ ಗೋಪಾಲಕೃಷ್ಣನ್ ಅವರು, ಒಂದೂವರೆ ಕೋಟಿ ಜಾಸ್ತಿಯಾಯಿತು, 50 ಲಕ್ಷದಂತೆ ಮೂವರಿಗೆ ಹಂಚಿ, ಮೊದಲು ತರಬೇತಿ ಕೊಡಿ ಅಂದರು. ದೊಡ್ಡ ಗಲಾಟೆಯೇ ಆಯಿತು. ತರಬೇತಿ ಒಳ್ಳೆಯದೇ, ಯಾರು ಬೇಡ ಅಂದರು? ಆದರೆ ಮೊದಲ ಸಿನಿಮಾ ಮಾಡುವ ಗಂಡಸರಿಗೆ ಈ ಮಾತನ್ನು ಯಾರೂ ಯಾಕೆ ಹೇಳುವುದಿಲ್ಲ? ಅವರು ಕೋಟಿ ಕಳೆದರೆ ನಸೀಬು ಕೆಟ್ಟಿತು, ಇವರು ಕಳೆದರೆ ಹೆಂಗಸಿಗೆ ಯಾಕೆ ಬೇಕಿತ್ತು!

ಇನ್ನು ಹೆಣ್ಣೂ ಅಲ್ಲ ಗಂಡೂ ಅಲ್ಲ ಅಂತ ಸಮಾಜ ಬದಿಗೆ ಸರಿಸಿದವರ ಮಾತು. 2021ರಲ್ಲಿ ನಮ್ಮ ರಾಜ್ಯ ಅವರಿಗೆ ಸರ್ಕಾರಿ ನೌಕರಿಯಲ್ಲಿ ಶೇಕಡಾ 1 ಮೀಸಲಾತಿ ಕೊಟ್ಟಿತು. ದೇಶದಲ್ಲೇ ಮೊದಲು. ಮಂಜಮ್ಮ ಜೋಗತಿ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದವರು, ಪದ್ಮಶ್ರೀ ಪಡೆದವರು. ಆದರೆ ಸಿನಿಮಾದಲ್ಲಿ? 2015ರ 'ನಾನು ಅವನಲ್ಲ ಅವಳು' ಒಳ್ಳೆಯ ಚಿತ್ರ, ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಚಿತ್ರ. ಕಥೆ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಬದುಕಿನದು. ಬದುಕು ಅವರದು, ಪಾತ್ರ ಮಾಡಿದವರು, ಕ್ಯಾಮರಾ ಹಿಂದೆ ನಿಂತವರು ಬೇರೆಯವರು. ಆ ಜಾಗದಲ್ಲಿ ಅವರೇ ನಿಲ್ಲುವ ದಿನ ಯಾವಾಗ?

ದುಡ್ಡೊಂದೇ ಸಾಲದು ಅನ್ನುವುದನ್ನೂ ಹೇಳಬೇಕು. ಕೇರಳದ ಹೇಮಾ ಸಮಿತಿ ವರದಿ 2024ರ ಆಗಸ್ಟ್‌ನಲ್ಲಿ ಹೊರಬಂದಾಗ, ಸೆಟ್ಟಿನಲ್ಲಿ ಶೌಚಾಲಯವಿಲ್ಲ, ಬಟ್ಟೆ ಬದಲಿಸಲು ಜಾಗವಿಲ್ಲ ಅನ್ನುವುದೂ ಅದರಲ್ಲಿತ್ತು. ಅದರ ಬೆನ್ನಿಗೇ ನಮ್ಮ ಚಿತ್ರರಂಗದ 150ಕ್ಕೂ ಹೆಚ್ಚು ಜನ ಇಲ್ಲೂ ಅಂಥದ್ದೇ ಸಮಿತಿ ಬೇಕು ಅಂತ ಮುಖ್ಯಮಂತ್ರಿಗಳಿಗೆ ಮನವಿ ಕೊಟ್ಟರು. ಮಾನವಾಗಿ ನಿಲ್ಲಲು ಜಾಗವಿಲ್ಲದ ಕಡೆ ಕೋಟಿ ಕೊಟ್ಟರೂ ಯಾರು ನಿಲ್ಲುತ್ತಾರೆ?

2025ರ ಬಜೆಟ್‌ನಲ್ಲಿ ಮೈಸೂರಿನ ಫಿಲ್ಮ್ ಸಿಟಿಗೆ 500 ಕೋಟಿ ಯೋಜನೆ, 150 ಎಕರೆ ಜಾಗ ಅಂತ ಘೋಷಿಸಿದರು. ಬೇಡ ಅನ್ನುವುದಿಲ್ಲ. ಕಟ್ಟಲಿ. ಆದರೆ ಆ ಕಟ್ಟಡದೊಳಗೆ ಯಾರು ಕೂತು ಸಿನಿಮಾ ಮಾಡುತ್ತಾರೆ ಅನ್ನುವುದಕ್ಕೂ ಒಂದಿಷ್ಟು ತೆಗೆದಿಡಲಿ.

ನಾವು ಕೇಳುವುದು ಮೂರೇ. ಸ್ಕ್ರಿಪ್ಟಿನ ಮೇಲೆ ಹೆಸರಿಲ್ಲದೆ ಓದಿ ಆರಿಸಿ, ಕೆಲಸ ನಡೆದಂತೆ ಕಂತಿನಲ್ಲಿ ದುಡ್ಡು ಕೊಡಿ. ಸಹಾಯಕರಾಗಿ ಕಲಿಯುವ ಹೆಣ್ಣುಮಕ್ಕಳಿಗೆ, ತೃತೀಯ ಲಿಂಗಿಗಳಿಗೆ ಎರಡು ವರ್ಷ ತಿಂಗಳ ಭತ್ಯೆ ಕೊಡಿ. ಬಿಟ್ಟಿ ಚಾಕರಿ ಮಾಡಿ ಕಲಿಯುವುದು ಬೆಂಗಳೂರಿನಲ್ಲಿ ಸ್ವಂತ ಮನೆ ಇದ್ದವರಿಗೆ ಮಾತ್ರ ಸಾಧ್ಯ. ಮಾಡಿದ ಚಿತ್ರ ಡಬ್ಬದಲ್ಲಿ ಕೊಳೆಯದಂತೆ ಜಿಲ್ಲಾ ಕೇಂದ್ರಗಳಲ್ಲಿ ತೋರಿಸಿ. ನಮ್ಮ ಕುವೆಂಪು ರಂಗಮಂದಿರದಲ್ಲಿ ತಿಂಗಳಿಗೊಂದು ಸಂಜೆ ಬಿಟ್ಟುಕೊಟ್ಟರೆ ಯಾರ ಗಂಟೂ ಹೋಗುವುದಿಲ್ಲ. 1973ರಲ್ಲಿ ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ ಹುಟ್ಟಿ, ಹಳ್ಳಿಯ ಜನಕ್ಕೆ ಜಗತ್ತಿನ ಸಿನಿಮಾ ತೋರಿಸಿದ ಜಿಲ್ಲೆ ಇದು. ನೋಡುವವರಿಗೆ ಬರವಿಲ್ಲ.

ಕಥೆ ಕೊಟ್ಟಿದ್ದು ಮಲೆನಾಡು, ಶೂಟಿಂಗಿಗೆ ಮಳೆ, ಮನೆ, ಆಗುಂಬೆ ಕೊಟ್ಟಿದ್ದು ಮಲೆನಾಡು. ಇಲ್ಲಿನ ಹೆಣ್ಣುಮಗಳಿಗೆ ಕ್ಯಾಮರಾ ಮಾತ್ರ ಇಲ್ಲ ಅಂದರೆ ಯಾವ ನ್ಯಾಯ?

ಹೊತ್ತಾಯಿತು, ಬಸ್ಸು ತಪ್ಪುತ್ತದೆ ಅಂತ ಆಕೆ ಎದ್ದರು. ಫೈಲು ಕಂಕುಳಲ್ಲೇ ಇತ್ತು. ಮುಂದಿನ ಅಧಿವೇಶನದಲ್ಲಿ ನಮ್ಮ ಜಿಲ್ಲೆಯ ಶಾಸಕರಲ್ಲಿ ಒಬ್ಬರಾದರೂ ಎದ್ದು ನಿಂತು ಈ ಫೈಲಿನ ಮಾತು ಎತ್ತುತ್ತಾರೋ ಇಲ್ಲವೋ, ಕಾದು ನೋಡುತ್ತೇವೆ. ಎತ್ತಿದವರ ಹೆಸರು ಇದೇ ಜಾಗದಲ್ಲಿ ಬರೆಯುತ್ತೇವೆ. ಸುಮ್ಮನೆ ಕೂತವರದ್ದೂ ಬರೆಯುತ್ತೇವೆ.