ಹಿತ್ತಲಿನ ಹಾಜರಿ ಪುಸ್ತಕ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ನಾವು ಪ್ರತಿವರ್ಷವೂ ಮಕ್ಕಳಿಗೆ ಹೇಳುವುದುಂಟು. ಎಲ್ಲರೂ ತುಳಸಿ, ದೊಡ್ಡಪತ್ರೆ, ಒಂದೆಲಗಗಳ ಹೆಸರನ್ನು ಬರೆದು ಅಂಕ ಪಡೆಯುತ್ತಾರೆ. ಆದರೆ ಆ ಗಿಡದ ಮೇಲೆ ಕುಳಿತ ಹುಳುವಿನ ಮಾತನ್ನು ಇದುವರೆಗೆ ಒಬ್ಬರೂ ಬರೆದದ್ದನ್ನು ನಾವು ಕಾಣೆವು. ಅದರಲ್ಲೂ ಸಂಜೆಯಾದೊಡನೆ ಜಗುಲಿಯ ದೀಪಕ್ಕೆ ಬಂದು ಬಡಿದುಕೊಳ್ಳುವ ಪತಂಗವೆಂದರೆ ನಮಗೆ ತೀರ ಅಸಡ್ಡೆ. ಬೆಳಗಾದರೆ ಪೊರಕೆಯಿಂದ ಗುಡಿಸಿ ಹಾಕುತ್ತೇವೆ; ಅಲ್ಲಿಗೆ ಅದರ ಕಥೆ ಮುಗಿಯಿತು. ಈ ಪತಂಗಗಳನ್ನು ಹಿತ್ತಲಿಗೆ ಕರೆದು, ಕಣ್ಣಿಟ್ಟು ನೋಡಿ, ಕಂಡದ್ದನ್ನು ಕನ್ನಡದಲ್ಲಿ ಬರೆದಿಡುವ ಕೆಲಸವನ್ನು ನಮ್ಮ ಶಾಲೆಯ ಪ್ರತಿಯೊಂದು ಮನೆಯೂ ಕೈಗೊಳ್ಳಬೇಕು ಎಂಬುದು ನಮ್ಮ ಅಭಿಪ್ರಾಯ.

ಕನ್ನಡ ಅಧ್ಯಾಪಕರಿಗೇಕೆ ಹುಳುಗಳ ಉಸಾಬರಿ, ಅದು ವಿಜ್ಞಾನದ ಮೇಷ್ಟರಿಗೆ ಸೇರಿದ್ದಲ್ಲವೆ ಎಂದು ಕೆಲವರು ಕೇಳಬಹುದು. ನಿಜ ಹೇಳಬೇಕೆಂದರೆ, ಪತಂಗದ ಹೆಸರನ್ನು ಕೆಡಿಸಿದವರು ಭಾಷೆ ಕಲಿಸುವ ನಾವೇ. ಆಸೆಗೆ ಬಿದ್ದು ಹಾಳಾಗುವವನಿಗೆ ‘ದೀಪಕ್ಕೆ ಬಿದ್ದ ಪತಂಗ’ದ ಹೋಲಿಕೆ ಕೊಟ್ಟು, ಉಪಮಾಲಂಕಾರದ ಪಾಠ ಮುಗಿಸಿ, ಪುಸ್ತಕ ಮುಚ್ಚಿದವರು ನಾವು. ವಾಸ್ತವವಾಗಿ ಪತಂಗಕ್ಕೆ ದೀಪದ ಮೇಲೆ ಮೋಹವೆಂಬುದೇ ಇಲ್ಲ. ಅತಿವೇಗದ ಕ್ಯಾಮೆರಾಗಳಿಂದ ಕೀಟಗಳ ಹಾರಾಟವನ್ನು ಚಿತ್ರಿಸಿದ ವಿಜ್ಞಾನಿಗಳು 2024ರಲ್ಲಿ ಪ್ರಕಟಿಸಿದ ಸಂಶೋಧನೆ ಬೇರೆಯದೇ ಸಂಗತಿಯನ್ನು ತಿಳಿಸುತ್ತದೆ. ರಾತ್ರಿಯಲ್ಲಿಯೂ ಆಕಾಶವು ನೆಲಕ್ಕಿಂತ ತುಸು ಬೆಳಗಿರುತ್ತದೆ. ಆದುದರಿಂದ ಹಾರುವ ಕೀಟ ಬೆಳಕಿನ ಕಡೆಗೆ ಬೆನ್ನು ಮಾಡಿ, ಮೇಲು ಯಾವುದು ಕೆಳಗು ಯಾವುದು ಎಂದು ತಿಳಿದುಕೊಳ್ಳುತ್ತದೆ. ನಮ್ಮ ಬಲ್ಬು ಪಕ್ಕದಲ್ಲಿ ಉರಿದಾಗ ಅದು ಬಲ್ಬಿನ ಕಡೆಗೆ ಬೆನ್ನು ತಿರುಗಿಸುತ್ತದೆ, ಹಾದಿ ಬಾಗುತ್ತದೆ, ಸುತ್ತುವುದೇ ಅದರ ಪಾಡಾಗುತ್ತದೆ. ಅದು ಮೋಹಾಂಧನಲ್ಲ, ನಮ್ಮ ದೀಪದಿಂದ ದಾರಿ ತಪ್ಪಿದ ದಾರಿಹೋಕ. ಉಪಮೆಯನ್ನು ಕೈಬಿಡಬೇಕೆಂದು ನಾವು ಹೇಳುತ್ತಿಲ್ಲ. ಉಪಮೆಯನ್ನು ಕಲಿಸುವವರು ಒಮ್ಮೆಯಾದರೂ ಪತಂಗವನ್ನು ನೋಡಿರಬೇಕು ಎಂದಷ್ಟೇ ನಮ್ಮ ಮಾತು.

ನಾವು ಓದಿದ್ದು ಅರ್ಧ ಕನ್ನಡದಲ್ಲಿ, ಅರ್ಧ ಇಂಗ್ಲಿಷಿನಲ್ಲಿ. ಪರೀಕ್ಷೆಯಲ್ಲಿ ಮೊಟ್ಟೆ, ಹುಳು, ಕೋಶ, ಪತಂಗ ಎಂಬ ನಾಲ್ಕು ಅವಸ್ಥೆಗಳ ಚಿತ್ರ ಬರೆದು, ಇಂಗ್ಲಿಷಿನಲ್ಲಿ ಹೆಸರು ಗುರುತಿಸಿ, ಪೂರ್ಣಾಂಕ ಪಡೆದೆವು. ಅದೇ ವರ್ಷ ನಮ್ಮ ಹಿತ್ತಲಿನ ನುಗ್ಗೆಮರದ ಬೊಡ್ಡೆಗೆ ಕಂಬಳಿಹುಳುಗಳು ಕಂಬಳಿ ಹೊದಿಸಿದಂತೆ ಮುತ್ತಿದ್ದವು. ಮನೆಯ ಹಿರಿಯರು ಪಂಜು ಹಿಡಿದು ಸುಟ್ಟರು. ನಾವು ಪಕ್ಕದಲ್ಲಿ ನಿಂತು ನೋಡಿದೆವು. ಆ ಹುಳುವೇ ಮುಂದೆ ಹಳದಿ ಮಿಶ್ರಿತ ಕಂದು ಬಣ್ಣದ ದೊಡ್ಡ ಪತಂಗವಾಗುತ್ತದೆ, ದೀಪಕ್ಕೆ ಬರುವುದು ಅದೇ ಎಂದು ನಮಗೆ ಹೊಳೆಯಲೇ ಇಲ್ಲ. ಚಿತ್ರ ಪುಸ್ತಕದಲ್ಲಿತ್ತು, ಹುಳು ಮರದಲ್ಲಿತ್ತು. ಎರಡಕ್ಕೂ ಸಂಬಂಧ ಕಲ್ಪಿಸುವ ಅಭ್ಯಾಸ ಮಾತ್ರ ನಮಗಿರಲಿಲ್ಲ. ನಮ್ಮ ಮಕ್ಕಳಿಗೆ ಆ ಕೊರತೆ ಬಾರದಿರಲಿ ಎಂಬುದೇ ಈ ಬರಹಕ್ಕೆ ಕಾರಣ.

ಹಾಗೆ ನೋಡಿದರೆ ಪತಂಗದ ಪರಿಚಯ ನಮ್ಮ ಸೀಮೆಯವರಿಗೆ ಹೊಸದಲ್ಲ. ಹೊಸೂರು, ತಳಿ, ಡೆಂಕಣಿಕೋಟೆಗಳ ಸುತ್ತಿನಲ್ಲಿ ರೇಷ್ಮೆ ಸಾಕಿದ ಮನೆಗಳು ಎಷ್ಟಿಲ್ಲ! ಹಿಪ್ಪುನೇರಳೆ ಸೊಪ್ಪು, ಹುಳುವಿನ ಜ್ವರ, ಹಣ್ಣುಹುಳು, ಚಂದ್ರಿಕೆ, ಗೂಡು – ಈ ಮಾತುಗಳನ್ನು ನಮ್ಮ ಮಕ್ಕಳಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ರೇಷ್ಮೆಹುಳುವಿನ ಕೊನೆಯ ಅವಸ್ಥೆಯೂ ಒಂದು ಪತಂಗವೇ. ಮನುಷ್ಯನ ಸಾಕಣೆಯಲ್ಲಿ ಅದು ಹಾರುವುದನ್ನೇ ಮರೆತಿದೆ, ಬಾಯಿದ್ದೂ ಉಣ್ಣುವುದಿಲ್ಲ, ನಾಲ್ಕಾರು ದಿನ ಬದುಕಿ, ಮೊಟ್ಟೆಯಿಟ್ಟು ಸಾಯುತ್ತದೆ. ಕೇಂದ್ರ ರೇಷ್ಮೆ ಮಂಡಳಿಯ ಒಂದು ಕೇಂದ್ರವು ಹೊಸೂರಿನಲ್ಲಿಯೇ ಇದ್ದು, ಹಿಪ್ಪುನೇರಳೆ ಮತ್ತು ರೇಷ್ಮೆಹುಳುವಿನ ನೂರಾರು ತಳಿಗಳನ್ನು ಜತನದಿಂದ ಕಾಪಾಡಿಕೊಂಡು ಬಂದಿದೆ. ಬೆಲೆಯುಳ್ಳ ಒಂದು ಪತಂಗಕ್ಕೆ ಇಷ್ಟು ದೊಡ್ಡ ದಾಖಲೆ! ಜಗತ್ತಿನಲ್ಲಿ ಹೆಸರಿಟ್ಟಿರುವ ಪತಂಗಗಳ ಜಾತಿಗಳೇ ಸುಮಾರು 1,60,000. ಹಗಲಿನ ಚಿಟ್ಟೆಗಳಾದರೋ ಸುಮಾರು 18,000. ನಮ್ಮ ದೇಶವೊಂದರಲ್ಲೇ ಹತ್ತು ಸಾವಿರಕ್ಕೂ ಮೀರಿದ ಪತಂಗಗಳಿವೆ. ಬೆಲೆಯಿಲ್ಲದ ಇವುಗಳ ಹಾಜರಿ ಕರೆಯುವವರು ಯಾರು?

ಕರೆಯುವುದೇನೂ ಕಷ್ಟದ ಕೆಲಸವಲ್ಲ. ಹಿತ್ತಲಿನಲ್ಲಿ ಬಟ್ಟೆ ಒಣಗಿಸುವ ಹಗ್ಗಕ್ಕೆ ಒಂದು ಬಿಳಿಯ ಪಂಚೆಯನ್ನು ಇಳಿಬಿಟ್ಟು, ಮುಂದೆ ಒಂದು ಬಲ್ಬು ತೂಗುಹಾಕಿದರಾಯಿತು. ನೀಲಿ-ನೇರಳೆ ಛಾಯೆಯ ಬೆಳಕಿಗೆ ಪತಂಗಗಳು ಹೆಚ್ಚು ಬರುತ್ತವೆ. ಆದರೆ ಮನೆಯಲ್ಲಿರುವ ದೀಪದಿಂದಲೇ ಆರಂಭಿಸಬಹುದು. ಬೆಳದಿಂಗಳಿಗಿಂತ ಅಮಾವಾಸ್ಯೆಯ ಆಸುಪಾಸು ಮೇಲು. ಮಳೆ ನಿಂತು, ಗಾಳಿಯಿಲ್ಲದೆ, ಸೆಕೆಯಾಗಿರುವ ರಾತ್ರಿ ಎಲ್ಲಕ್ಕಿಂತ ಮೇಲು. ದೀಪಕ್ಕೆ ಬಾರದ ಪತಂಗಗಳೂ ಇವೆ. ಅವಕ್ಕಾಗಿ ಕಳಿತ ಬಾಳೆಹಣ್ಣನ್ನು ಬೆಲ್ಲದೊಡನೆ ಕಿವುಚಿ, ಒಂದೆರಡು ದಿನ ಹುಳಿಯಲು ಬಿಟ್ಟು, ಮುಸ್ಸಂಜೆಯಲ್ಲಿ ಮರದ ತೊಗಟೆಗೆ ಸವರಬೇಕು. ಇನ್ನು ರಾತ್ರಿರಾಣಿ, ಸಂಜೆಮಲ್ಲಿಗೆ, ಪಾರಿಜಾತಗಳಿರುವ ಮನೆಗೆ ಬೇರೆ ಆಮಂತ್ರಣವೇ ಬೇಡ. ಕತ್ತಲಲ್ಲಿ ಬಿರಿಯುವ ಹೂಗಳಲ್ಲಿ ಬಿಳುಪೂ ಪರಿಮಳವೂ ಹೆಚ್ಚಾಗಿರುವುದು ಇಂಥ ಅತಿಥಿಗಳಿಗಾಗಿಯೇ. ಪರಂಗಿ ಗಿಡದ ಹೂವಿನ ಮುಂದೆ ರೆಕ್ಕೆ ಬಡಿಯುತ್ತ ಗಾಳಿಯಲ್ಲೇ ನಿಂತು, ಉದ್ದನೆಯ ಹೀರುನಳಿಗೆ ಚಾಚುವ ದೊಡ್ಡ ಪತಂಗವನ್ನು ಕಂಡಿರಾ? ಪರಂಗಿ ಕಾಯಿ ಕಚ್ಚಲು ಮುಖ್ಯವಾಗಿ ನೆರವಾಗುವುದು ಅದೇ ಬಳಗ.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಮೊದಲ ಬಾರಿ ಪಂಚೆ ಕಟ್ಟಿದ ರಾತ್ರಿ, ಬೆಳಿಗ್ಗೆ ಎದ್ದು ನಿಧಾನವಾಗಿ ನೋಡಿದರಾಯಿತೆಂದು ದೀಪವನ್ನು ಆರಿಸದೆ ಮಲಗಿದೆವು. ಎದ್ದು ಹೋಗಿ ನೋಡಿದರೆ ಪಂಚೆಯ ಕೆಳಗೆ ಬರಿಯ ರೆಕ್ಕೆಗಳು! ಬೆಳಕು ಹರಿಯುವ ಮುನ್ನವೇ ಗೊರವಂಕಗಳೂ ಕಾಜಾಣವೂ ಬಂದು ಹಬ್ಬ ಮಾಡಿಕೊಂಡು ಹೋಗಿದ್ದವು. ಅತಿಥಿಗಳನ್ನು ಕರೆದು ಹದ್ದಿನ ಬಾಯಿಗೆ ಕೊಟ್ಟಂತಾಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಕಟ್ಟುನಿಟ್ಟಾದ ನಿಯಮವಿದೆ: ವಾರಕ್ಕೆ ಒಂದೇ ರಾತ್ರಿ, ಎರಡು ಗಂಟೆಗಿಂತ ಹೆಚ್ಚಿಲ್ಲ, ನೋಡಿ ಮುಗಿದೊಡನೆ ದೀಪ ಆರಬೇಕು, ಪಂಚೆಯ ಮೇಲಿನವುಗಳನ್ನು ಮೆಲ್ಲನೆ ಗಿಡಗಳ ಮರೆಗೆ ಸೇರಿಸಬೇಕು. ಹಿಡಿದು ಸೂಜಿ ಚುಚ್ಚುವುದು, ಡಬ್ಬಿಯಲ್ಲಿ ಕೂಡಿಡುವುದು ಕೂಡದು. ಮಳೆ ಹನಿಯುವಾಗ ವಿದ್ಯುತ್ ತಂತಿಯ ಹತ್ತಿರ ಮಕ್ಕಳು ಹೋಗಕೂಡದು. ದೀಪ ಕಟ್ಟುವುದು ದೊಡ್ಡವರ ಕೆಲಸ.

ಇನ್ನು ಬರೆಯುವ ಮಾತು. ನೋಡುವುದು ಕೆಲಸದ ಅರ್ಧ ಮಾತ್ರ. ಒಂದು ನೋಟುಪುಸ್ತಕದಲ್ಲಿ ದಿನಾಂಕ, ಸಮಯ, ಹವೆ, ಚಂದ್ರ, ಯಾವ ದೀಪ, ಎಷ್ಟು ಪತಂಗ, ಅಳತೆ, ಬಣ್ಣ, ಕುಳಿತ ಭಂಗಿ, ಹತ್ತಿರದ ಗಿಡ ಇಷ್ಟನ್ನು ಬರೆದರೆ ಸಾಕು. ಉದಾಹರಣೆಗೆ: ‘ರಾತ್ರಿ 8 ಗಂಟೆ. ಮೋಡ, ಗಾಳಿಯಿಲ್ಲ. ಹಸಿರು ಬಣ್ಣದ ದೊಡ್ಡ ಪತಂಗ, ಒಂದು. ಕುಳಿತಾಗ ವಿಮಾನದ ಆಕಾರ. ರೆಕ್ಕೆಯಗಲ ನನ್ನ ಅಂಗೈಯಷ್ಟು. ಬೇಲಿಯಲ್ಲಿ ಕಣಗಿಲೆ ಇದೆ. ಹೆಸರು ಅಜ್ಜಿಗೂ ಗೊತ್ತಿಲ್ಲ.’ ಕಣಗಿಲೆಯ ಮತ್ತು ನಂದಿಬಟ್ಟಲಿನ ಎಲೆ ತಿಂದು ಬೆಳೆಯುವ ಪತಂಗವನ್ನು ಗುರುತಿಸಲು ಇಷ್ಟು ವಿವರ ಬೇಕಾದಷ್ಟಾಯಿತು. ‘ಹೆಸರು ಗೊತ್ತಿಲ್ಲ’ ಎಂದು ಬರೆಯಲು ನಾಚಬೇಕಾದ್ದಿಲ್ಲ. ಊಹಿಸಿ ಬರೆದ ತಪ್ಪು ಹೆಸರಿಗಿಂತ ಅದು ಮೇಲಾದ ಉತ್ತರ. ಒಂದೂ ಬಾರದ ರಾತ್ರಿಯಲ್ಲಿ ‘ಯಾರೂ ಬರಲಿಲ್ಲ’ ಎಂದು ಬರೆಯುವುದನ್ನೂ ಮರೆಯಬಾರದು. ಬಂದವರನ್ನು ಮಾತ್ರ ಬರೆದು, ಬಾರದವರನ್ನು ಬಿಟ್ಟರೆ ಅದು ಹಾಜರಿ ಪುಸ್ತಕವಾಗುವುದಿಲ್ಲವೆಂದು ಅಧ್ಯಾಪಕರಾದ ನಾವು ಚೆನ್ನಾಗಿ ಬಲ್ಲೆವು.

ಈ ವಿಚಾರವನ್ನು ಪೋಷಕರ ಸಭೆಯ ನಂತರ ಹೇಳಿದಾಗ ರೈತ ಬಂಧುವೊಬ್ಬರು, “ಸಾರ್, ಟೊಮೇಟೊಗೆ ಔಷಧಿ ಹೊಡ್ದು ಹೊಡ್ದು ಸಾಕಾಗಿದೆ. ನೀವು ನೋಡಿದ್ರೆ ದೀಪ ಹಚ್ಚಿ ಹುಳಾನ ಕರೀರಿ ಅಂತೀರಲ್ಲಾ!” ಎಂದರು. ಸುತ್ತಲಿದ್ದವರು ನಕ್ಕರು. ಪ್ರಶ್ನೆ ಮಾತ್ರ ನಗುವಂಥದ್ದಲ್ಲ. ಕಾಯಿಕೊರಕ, ಕಾಂಡಕೊರಕ, ಕಡಲೆಕಾಯಿಯ ಕೆಂಪು ಕಂಬಳಿಹುಳು ಇವೆಲ್ಲ ಪತಂಗಗಳ ಮರಿಗಳೇ ಎಂಬುದು ನಿಜ. ಆದರೆ ದೀಪವು ಹುಳುವನ್ನು ಹುಟ್ಟಿಸುವುದಿಲ್ಲ. ಸುತ್ತಮುತ್ತ ಇರುವುದನ್ನು ತೋರಿಸುತ್ತದೆ. ಮುಂಗಾರಿನ ಮೊದಲ ಮಳೆಗಳು ಬಿದ್ದೊಡನೆ ನೆಲದಿಂದ ಏಳುವ ಕಂಬಳಿಹುಳುವಿನ ಪತಂಗಗಳಿಗಾಗಿ ಹೊಲದಲ್ಲಿ ಬೆಂಕಿ ಹಾಕುತ್ತಿದ್ದ ಹಿರಿಯರು ಇದನ್ನು ಅರಿತಿದ್ದರು. ಕೃಷಿ ಇಲಾಖೆಯವರು ದೀಪದ ಬಲೆ ಇಡಿರೆಂದು ಹೇಳುವುದೂ ಇದಕ್ಕಾಗಿಯೇ. ಪತಂಗ ಯಾವ ವಾರ ಹೆಚ್ಚಿತೆಂದು ಬಲ್ಲ ರೈತ, ಮೊಟ್ಟೆ ಯಾವಾಗ ಬೀಳುತ್ತದೆಂದೂ ಬಲ್ಲ. ಕಣ್ಣುಮುಚ್ಚಿ ಔಷಧಿ ಹೊಡೆಯುವ ಖರ್ಚು ಅವನಿಗೆ ಉಳಿಯುತ್ತದೆ. ಸಾವಿರಾರು ಜಾತಿಗಳಲ್ಲಿ ಬೆಳೆಗೆ ಕೇಡು ಮಾಡುವವು ಕೆಲವೇ. ಉಳಿದವು ಹೂವಿಗೆ ನೆಂಟರು, ಹಕ್ಕಿಮರಿಗೆ ತುತ್ತು.

ಬರೆದಿಡುವುದರ ಬೆಲೆ ತಿಳಿಯಲು ಎರಡು ಸಂಗತಿಗಳು ಸಾಕು. ಅಮೆರಿಕ ಖಂಡದ ಸೈನಿಕ ಹುಳು 2016ರಲ್ಲಿ ಆಫ್ರಿಕಾಕ್ಕೂ, 2018ರಲ್ಲಿ ನಮ್ಮ ದೇಶಕ್ಕೂ ಬಂದಿತು. ಮೊದಲು ಪತ್ತೆಯಾದದ್ದು ನೆರೆಯ ಕರ್ನಾಟಕದ ಮುಸುಕಿನ ಜೋಳದ ಹೊಲಗಳಲ್ಲಿ. ಅದರ ತಲೆಯ ಮೇಲೆ ತಲೆಕೆಳಗಾದ ‘ವೈ’ ಅಕ್ಷರದ ಗುರುತು, ಬಾಲದ ಹತ್ತಿರ ಚೌಕವಾಗಿ ನಾಲ್ಕು ಚುಕ್ಕೆ. ಇಷ್ಟನ್ನು ನಮ್ಮ ಎಂಟನೆಯ ತರಗತಿಯ ಮಕ್ಕಳೂ ಗುರುತಿಸಬಲ್ಲರು. ‘ಇದು ಹಳೆಯದಲ್ಲ, ಹೊಸದು’ ಎಂದು ಹೇಳಲು ಮಾತ್ರ ಹಳೆಯದು ಯಾವುದೆಂದು ಮೊದಲೇ ತಿಳಿದಿರಬೇಕು. ಎರಡನೆಯದು: ಬ್ರಿಟನ್ನಿನಲ್ಲಿ 1968ರಿಂದ 2017ರವರೆಗಿನ ಐವತ್ತು ವರ್ಷಗಳಲ್ಲಿ ದೊಡ್ಡ ಪತಂಗಗಳ ಸಂಖ್ಯೆ ಶೇಕಡಾ 33ರಷ್ಟು ಕುಸಿದಿದೆಯೆಂದು ಅವರು ಲೆಕ್ಕಸಮೇತ ಹೇಳಬಲ್ಲರು. ಊರೂರುಗಳಲ್ಲಿ ದೀಪದ ಬಲೆಯಿಟ್ಟು, ರಾತ್ರಿ ರಾತ್ರಿಯೂ ಎಣಿಸಿ ಬರೆದವರು ಅಲ್ಲಿದ್ದರು. ‘ಮೊದಲೆಲ್ಲ ದೀಪ ಹಚ್ಚಿದರೆ ಹುಳುಗಳ ಕಾಟ, ಈಗ ಅಷ್ಟಿಲ್ಲ’ ಎಂದು ನಮ್ಮ ಹಿರಿಯರೂ ಹೇಳುತ್ತಾರೆ. ಹೆದ್ದಾರಿಯ ದೀಪಗಳೋ, ಔಷಧಿಯೋ, ಬೇಲಿಗಳು ಕಾಂಪೌಂಡ್ ಗೋಡೆಗಳಾದದ್ದೋ, ಕಾರಣ ಯಾವುದೆಂದು ನಾವು ಕೇಳುತ್ತೇವೆ. ಲೆಕ್ಕದ ಪುಸ್ತಕವೇ ನಮ್ಮ ಮನೆಗಳಲ್ಲಿ ಇಲ್ಲದಿದ್ದರೆ ಉತ್ತರ ಎಲ್ಲಿಂದ ಬಂದೀತು?

ದೊಡ್ಡ ವಿದ್ವಾಂಸರ ಕೆಲಸವಿದು ಎಂದು ಯಾರೂ ಹಿಂಜರಿಯಬೇಕಾಗಿಲ್ಲ. 1892ರಿಂದ 1896ರವರೆಗೆ ಭಾರತದ ಪತಂಗಗಳ ಬಗೆಗೆ ನಾಲ್ಕು ಸಂಪುಟಗಳನ್ನು ಬರೆದ ಹ್ಯಾಂಪ್ಸನ್ ಎಂಬಾತ ನಮ್ಮದೇ ನೀಲಗಿರಿಯಲ್ಲಿ ಚಹಾ ತೋಟದವನಾಗಿದ್ದವನು. ಅವನು ಬರೆದದ್ದು ಇಂಗ್ಲಿಷಿನಲ್ಲಿ. ನಮ್ಮ ಮಕ್ಕಳು ಬರೆಯಬೇಕಾದ್ದು ಕನ್ನಡದಲ್ಲಿ. ನಮ್ಮದು ಗಡಿನಾಡು, ಒಂದೇ ಬೀದಿಯಲ್ಲಿ ಮೂರು ನಾಲ್ಕು ಭಾಷೆ. ನಾವು ‘ದೀಪದ ಹುಳ’ ಎಂದರೆ ಪಕ್ಕದ ಮನೆಯ ತಮಿಳಿನವರು ‘ವಿಟ್ಟಿಲ್ ಪೂಚ್ಚಿ’ ಎನ್ನುತ್ತಾರೆ. ಅದನ್ನೂ ಬರೆದುಕೊಳ್ಳಿರಿ, ನಷ್ಟವೇನೂ ಇಲ್ಲ. ಆದರೆ ಅಜ್ಜಿಯ ಬಾಯಲ್ಲಿರುವ ಹೆಸರು ಮೊದಲು ಬರೆಯಬೇಕಾದ್ದು, ಏಕೆಂದರೆ ಅದು ಬೇರೆ ಯಾವ ಪುಸ್ತಕದಲ್ಲಿಯೂ ಇರದಿರಬಹುದು. ನಮ್ಮ ತರಗತಿಯ ಹಾಜರಿ ಪುಸ್ತಕದಲ್ಲಿ ಹೆಸರುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವುದು ಎಲ್ಲರಿಗೂ ತಿಳಿದ ವಿಷಯ. ಇರುವ ಮಕ್ಕಳ ಕೈಯಲ್ಲಿಯಾದರೂ ಕನ್ನಡವು ಪರೀಕ್ಷೆಗೆ ಮಾತ್ರ ಬರೆಯುವ ಭಾಷೆಯಾಗಿ ಉಳಿಯದೆ, ಕಣ್ಣಾರೆ ಕಂಡದ್ದನ್ನು ಬರೆಯುವ ಭಾಷೆಯಾಗಬೇಡವೆ?

2012ರಲ್ಲಿ ಅಮೆರಿಕದಲ್ಲಿ ಆರಂಭವಾದ ಪತಂಗ ಸಪ್ತಾಹವನ್ನು ಈಗ ನಮ್ಮ ದೇಶದಲ್ಲಿಯೂ ಜುಲೈ ತಿಂಗಳ ಕೊನೆಯ ವಾರದಲ್ಲಿ ಆಚರಿಸುತ್ತಾರೆ. ನಮ್ಮ ಭೀಮನ ಅಮಾವಾಸ್ಯೆ ಬರುವುದೂ ಹೆಚ್ಚುಕಡಿಮೆ ಆ ದಿನಗಳಲ್ಲಿಯೇ. 2025ರಲ್ಲಂತೂ ಅದೇ ವಾರದಲ್ಲಿ ಬಂದಿತ್ತು. ಮನೆಯೊಳಗೆ ದೀಪಸ್ತಂಭದ ಪೂಜೆ ಮುಗಿದ ಮೇಲೆ, ಹಿತ್ತಲಿನಲ್ಲಿ ಒಂದು ಬಿಳಿಯ ಪಂಚೆ ಕಟ್ಟಿ, ಎರಡು ಗಂಟೆಯ ಹೊತ್ತು ಮಕ್ಕಳೊಡನೆ ಕುಳಿತುಕೊಳ್ಳಿರೆಂದು ಪೋಷಕರಲ್ಲಿ ನಮ್ಮ ವಿನಂತಿ. ಮೊಬೈಲಿನಲ್ಲಿ ಚಿತ್ರ ತೆಗೆಯಿರಿ, ಬೇಡವೆನ್ನುವುದಿಲ್ಲ. ಆದರೆ ನೋಟುಪುಸ್ತಕದಲ್ಲಿ ಮಕ್ಕಳ ಕೈಯಿಂದಲೇ ಬರೆಯಿಸಿರಿ. ವಿದ್ಯಾರ್ಥಿಗಳೇ, ಆ ಪುಸ್ತಕಗಳನ್ನು ಶಾಲೆಗೆ ತನ್ನಿರಿ. ಎಲ್ಲವನ್ನೂ ಒಟ್ಟುಗೂಡಿಸಿ, ಮುಂದಿನ ವರ್ಷದ ಸಂಚಿಕೆಯಲ್ಲಿ ನಿಮ್ಮ ನಿಮ್ಮ ಹೆಸರುಗಳೊಡನೆ ನಮ್ಮೂರಿನ ಪತಂಗಗಳ ಮೊದಲ ಪಟ್ಟಿಯನ್ನು ಅಚ್ಚು ಹಾಕಿಸೋಣ. ಹೆಸರು ಗೊತ್ತಿಲ್ಲದವುಗಳಿಗೂ ಅದರಲ್ಲಿ ಸ್ಥಳವಿರುತ್ತದೆ.