ಯಾರ ಜಗುಲಿಯ ಮೇಲೆ ಸರ್ಕಾರ?

ಹಳ್ಳಿಯ ಅಂಚೆ ಕಚೇರಿಗೆ ಸರ್ಕಾರದ ಗೋಡೆ ಇಲ್ಲ, ಸರ್ಕಾರದ ಸೂರೂ ಇಲ್ಲ. ಯಾರದೋ ಮನೆಯ ಗೋಡೆಗೆ ಕೆಂಪು ಡಬ್ಬ ತೂಗುಹಾಕಿದರೆ ಮುಗೀತು, ಆ ಮನೆಯ ಜಗುಲಿಯೇ ಭಾರತ ಸರ್ಕಾರ. ಯಾರ ಮನೆ, ಯಾವ ಬೀದಿ? ಇಷ್ಟು ವರ್ಷ ಇದನ್ನು ಯಾರೂ ಕೇಳಲಿಲ್ಲ. ನಾವು ಕೇಳಬೇಕು.

ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಿವೆ. ಹತ್ತಕ್ಕೆ ಒಂಬತ್ತು ಹಳ್ಳಿಗಳಲ್ಲಿವೆ. ಅವನ್ನು ನಡೆಸುವ ಸುಮಾರು ಎರಡೂವರೆ ಲಕ್ಷ ಜನ ಇಲಾಖೆಯ ಕಾಯಂ ನೌಕರರಲ್ಲ. 1964ರ ನಿಯಮಗಳು ಇವರನ್ನು 'ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್ ಏಜೆಂಟ್' ಅಂದವು. ಅಂದರೆ ಇಲಾಖೆಯ ಹೊರಗಿನವರು. ಹೊರಗಿನವರು ಅನ್ನೋ ಮಾತಿನ ಅರ್ಥವನ್ನು ನಮಗೆ ಯಾವ ಸಾಹೇಬನೂ ಬಿಡಿಸಿ ಹೇಳಬೇಕಾಗಿಲ್ಲ. 2001ರಲ್ಲಿ ಹೆಸರು ಬದಲಾಯಿತು: 'ಗ್ರಾಮೀಣ ಡಾಕ್ ಸೇವಕ'. ಏಜೆಂಟ್ ಆಗಿದ್ದವನು ಸೇವಕನಾದ. ಸೇವೆ ಮಾಡೋನು ಕೂಲಿ ಕೇಳಬಾರದು ನೋಡಿ! ಬಿಟ್ಟಿ ಚಾಕರಿಗೆ ಒಳ್ಳೆಯ ಹೆಸರಿಡುವ ಕಲೆ ಈ ನಾಡಿಗೆ ಹೊಸದಲ್ಲ.

ಇದರ ಬುಡ ಒಂದು ನಿಯಮದಲ್ಲಿದೆ. ಈ ಕೆಲಸಕ್ಕೆ ಬರೋನಿಗೆ ಬೇರೆ ಕಡೆಯಿಂದ 'ಸಾಕಷ್ಟು ಜೀವನೋಪಾಯ' ಇರಬೇಕು. ಶಾಖಾ ಪೋಸ್ಟ್‌ಮಾಸ್ಟರ್ ಆಗೋನು ಕಚೇರಿಗೆ ಜಾಗವನ್ನೂ ತಾನೇ ಕೊಡಬೇಕು. ನೀವೇ ಹೇಳಿ, ನಮ್ಮ ಹಳ್ಳಿಗಳಲ್ಲಿ ಹೊಲವಿದ್ದೋರು ಯಾರು? ಊರ ನಡುವೆ ಜಗುಲಿ ಇದ್ದೋರು ಯಾರು? ಜಾತಿಯ ಹೆಸರೆತ್ತದೆ ಜಾತಿಯನ್ನು ಕಾಪಾಡೋದು ಹೇಗೆ ಅಂತ ಕಲಿಯೋರು ಈ ನಿಯಮ ಓದಬೇಕು. ಗೌಡರ ಮನೆ, ಶಾನುಭೋಗರ ಮನೆ, ಇಲ್ಲಾ ಅವರ ಕಡೆಯೋರ ಮನೆ ಪೋಸ್ಟಾಫೀಸಾಯಿತು. ಅದರ ಹೊಸ್ತಿಲು ನಮ್ಮವರು ದಾಟುವಂತಿರಲಿಲ್ಲ. ಹಾಗಾಗಿ ಮುದುಕಿ ತನ್ನ ಪಿಂಚಣಿಯ ಮನಿಯಾರ್ಡರಿಗೆ ಅಂಗಳದಲ್ಲಿ ನಿಂತು 'ಬುದ್ಧೀ' ಅಂತ ಕೂಗಬೇಕಾಯಿತು.

ಇದು ಬರೀ ಸಿಟ್ಟಿನ ಮಾತಲ್ಲ. ಹನ್ನೊಂದು ರಾಜ್ಯಗಳ 565 ಹಳ್ಳಿಗಳಲ್ಲಿ ಅಸ್ಪೃಶ್ಯತೆಯ ಬಗ್ಗೆ ನಡೆದ ಅಧ್ಯಯನವೊಂದು 2006ರಲ್ಲಿ ಪುಸ್ತಕವಾಗಿ ಬಂತು. ಅದರ ಪ್ರಕಾರ ಹೆಚ್ಚುಕಡಿಮೆ ಕಾಲುಭಾಗ ಹಳ್ಳಿಗಳಲ್ಲಿ ದಲಿತರ ಮನೆಬಾಗಿಲಿಗೆ ಟಪ್ಪಾಲು ಬಟವಾಡೆಯೇ ಆಗುತ್ತಿರಲಿಲ್ಲ. ಸ್ಟಾಂಪಿನ ದರ ಎಲ್ಲರಿಗೂ ಒಂದೇ. ಕಾಗದ ಮಾತ್ರ ಕೇರಿಯ ಆಚೆಯೇ ನಿಲ್ಲುತ್ತದೆ.

ಅದೇ ನಿಯಮ ಕೂಲಿಯನ್ನೂ ತಿಂದಿದೆ. 'ನಿನಗೆ ಬೇರೆ ಆದಾಯ ಇದೆಯಲ್ಲ, ಪೂರಾ ಸಂಬಳ ಯಾಕೆ?' ಅನ್ನೋದು ಇಲಾಖೆಯ ತರ್ಕ. ಇವರದು ಸಿವಿಲ್ ಹುದ್ದೆ, ಮನಬಂದಂತೆ ತೆಗೆಯುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿತು. ಇಲಾಖೆ ಏನು ಮಾಡಿತು? ಸೇವಕ ಸಿವಿಲ್ ಸೇವೆಯ ಹೊರಗಿನವನು, ಕೇಂದ್ರ ನೌಕರರಿಗೆ ಸಮ ಅಂತ ಕೇಳಕೂಡದು ಅಂತ ತನ್ನ ನಿಯಮದಲ್ಲೇ ಬರೆದುಕೊಂಡಿತು. 2018ರ ಮೇ 22ರಿಂದ ಈ ಜನ ಎರಡು ವಾರಕ್ಕೂ ಮೇಲೆ ಮುಷ್ಕರ ಹೂಡಿದರು. ಆಮೇಲೆ ಕೇಂದ್ರ ಸಂಪುಟ ಕಣ್ಣುಬಿಟ್ಟು ನಾಲ್ಕು ತಾಸಿನ ಕೆಲಸಕ್ಕೆ ಶಾಖಾ ಪೋಸ್ಟ್‌ಮಾಸ್ಟರಿಗೆ 12,000, ಉಳಿದವರಿಗೆ 10,000 ಅಂತ ಗೊತ್ತು ಮಾಡಿತು. ತುಟ್ಟಿಭತ್ಯೆ ಬೇರೆ. ಇದನ್ನೂ ಸಂಬಳ ಅನ್ನೋದಿಲ್ಲ, ಭತ್ಯೆ ಅಂತಾರೆ. ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿಯ ಮಿತಿ ಆಗ 60,000ದಿಂದ ಒಂದೂವರೆ ಲಕ್ಷಕ್ಕೆ ಏರಿತು. ಕೇಂದ್ರದ ಕಾಯಂ ನೌಕರರಿಗೆ ಆ ಹೊತ್ತಿಗೆ ಮಿತಿ ಇಪ್ಪತ್ತು ಲಕ್ಷ. ಲೆಕ್ಕ ನೀವೇ ಹಾಕಿಕೊಳ್ಳಿ. ಉಳಿತಾಯದ ಖಾತೆ, ವಿಮೆ, ಬ್ಯಾಂಕಿನ ವ್ಯವಹಾರ ಎಲ್ಲಾ ಇದೇ ನಾಲ್ಕು ತಾಸಿನೊಳಗೆ ಮುಗಿಯಬೇಕಂತೆ!

'ಈಗ ಹತ್ತನೇ ತರಗತಿಯ ಅಂಕದ ಮೇಲೆ ಆಯ್ಕೆ, ಮೀಸಲಾತಿಯೂ ಇದೆಯಲ್ಲ, ಇನ್ನೇನು ಗೋಳು?' ಅನ್ನೋರಿದ್ದಾರೆ. ನಮ್ಮ ಹುಡುಗಿಯರು, ಹುಡುಗರು ಒಳಗೆ ಬಂದಿದ್ದಾರೆ, ನಿಜ. ಜೀವನೋಪಾಯದ ಷರತ್ತು ಆಯ್ಕೆಗೆ ಕಡ್ಡಾಯವೂ ಅಲ್ಲ, ಆದ್ಯತೆಯೂ ಅಲ್ಲ ಅಂತ ಈ ಶತಮಾನದ ಮೊದಲ ವರ್ಷಗಳಲ್ಲೇ ಬೆಂಗಳೂರಿನ ಕೇಂದ್ರ ಆಡಳಿತ ನ್ಯಾಯಮಂಡಳಿಯ ಪೂರ್ಣಪೀಠ ಬಳ್ಳಾರಿಯ ಮೊಕದ್ದಮೆಯಲ್ಲಿ ಹೇಳಿದ್ದೂ ನಿಜ. ಆದರೆ ಆಯ್ಕೆಯಾದ ಮೇಲೆ? ಕಚೇರಿಗೆ ಜಾಗ ತಾ ಅನ್ನುತ್ತಾರೆ. ಹಟ್ಟಿಯ ಹುಡುಗಿಗೆ ಊರೊಳಗೆ ಬಾಡಿಗೆಗೆ ಕೋಣೆ ಕೊಡೋರು ಯಾರು? ತನ್ನ ಒಂದಂಕಣದ ಮನೆಯಲ್ಲೇ ಡಬ್ಬ ತೂಗುಹಾಕಿದಳು ಅನ್ನಿ, ಮೇಲುಬೀದಿಯೋರು ಅಲ್ಲಿಗೆ ನಡೆದು ಬಂದು ದುಡ್ಡು ಕಟ್ಟುತ್ತಾರಾ? ಕಟ್ಟದಿದ್ದರೆ ವ್ಯವಹಾರ ಸಾಲದು ಅಂತ ಬೈಸಿಕೊಳ್ಳೋಳು ಅವಳೇ.

ಜಾಗ ಕೊಡಬೇಕಾದದ್ದು ಸರ್ಕಾರ. ಪಂಚಾಯ್ತಿ ಕಟ್ಟಡದಲ್ಲೋ ಶಾಲೆಯ ಪಕ್ಕದಲ್ಲೋ ಎಲ್ಲರೂ ಕಾಲಿಡುವ ಕಡೆ ಒಂದು ಕೋಣೆ, ಅದರಲ್ಲಿ ಪೂರಾ ಸಂಬಳದ, ಪಿಂಚಣಿಯ ನೌಕರ. 'ಸೇವಕ' ಅನ್ನೋ ಹೆಸರು ಕಿತ್ತುಹಾಕಿ. ಮೇಷ್ಟ್ರುಗಳೇ, ಹಾಸ್ಟೆಲಿನ ಗೆಳೆಯರೇ, ನಿಮ್ಮ ತಾಲ್ಲೂಕಿನ ಒಂದೊಂದು ಶಾಖಾ ಅಂಚೆ ಕಚೇರಿ ಯಾವ ಬೀದಿಯಲ್ಲಿದೆ, ಯಾರ ಮನೆಯಲ್ಲಿದೆ, ಅಲ್ಲಿಂದ ಕೇರಿಗೆ ಬಟವಾಡೆ ಹೇಗೆ ಆಗುತ್ತಿದೆ ಅಂತ ಪಟ್ಟಿ ಮಾಡಿ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಅಂಚೆ ಅಧೀಕ್ಷಕರನ್ನೇ ಕೇಳಿ. ಆ ಅರ್ಜಿಯನ್ನೂ ಪೋಸ್ಟಿನಲ್ಲೇ ಕಳಿಸಿ.